ಲಾಗ್ ಬಿಡಿಸುವಾಗ ಕೂಡುವ ಗುರುತು ಸಿಕ್ಕರೆ ಅಲ್ಲೇ ನಿಲ್ಲಿ

ಓದುಗರ ಪ್ರಶ್ನೆ: ಡಿಗ್ರಿ ಮುಗಿಸಿ ಆರು ವರ್ಷ ಆಯಿತು. ಈಗ ಒಂದು ಪ್ರವೇಶ ಪರೀಕ್ಷೆಗಾಗಿ ಮತ್ತೆ ಗಣಿತ ಹಿಡಿದಿದ್ದೇನೆ. ಲಾಗ್‌ನ ಮೂರು ನಿಯಮಗಳು ಬಾಯಿಪಾಠ ಇವೆ. ಆದರೂ 'ವಿಸ್ತರಿಸಿ ಬರೆಯಿರಿ' ಅನ್ನುವ ಲೆಕ್ಕಗಳಲ್ಲಿ ಪದೇ ಪದೇ ತಪ್ಪುತ್ತಿದ್ದೇನೆ. ಒಂದು ಉದಾಹರಣೆ ಕೊಡುತ್ತೇನೆ:

ಲಾಗ್ [ 5ಅ³√ಬ / (ಕ²(ಅ + 1)) ]

ನಾನು ಬರೆದ ಉತ್ತರ ಇದು:

3 ಲಾಗ್ 5ಅ + ½ ಲಾಗ್ ಬ − 2 ಲಾಗ್ ಕ + ಲಾಗ್ ಅ + ಲಾಗ್ 1

ಪುಸ್ತಕದ ಉತ್ತರ ಬೇರೆ ಇದೆ. ಕೂಡುವ ಗುರುತನ್ನು ಒಡೆಯಬಾರದು ಎಂದು ಗೆಳತಿ ಹೇಳಿದಳು. ಅನುಮಾನ ಬಂದು ಕ್ಯಾಲ್ಕುಲೇಟರ್‌ನಲ್ಲಿ ನೋಡಿದೆ. ಲಾಗ್ (2 + 2) ಮತ್ತು ಲಾಗ್ 2 + ಲಾಗ್ 2, ಎರಡೂ 0.602 ಬಂತು! ಹಾಗಾದರೆ ಒಡೆದರೆ ತಪ್ಪೇನು? ಇನ್ನೊಂದು ಗೊಂದಲವೂ ಇದೆ. ಲಾಗ್ ಅ² ಮತ್ತು 2 ಲಾಗ್ ಅ ಒಂದೇ ಅಂತ ನಿಯಮ ಹೇಳುತ್ತದೆ. ಆದರೆ ಮೊಬೈಲಿನಲ್ಲಿ ನಕ್ಷೆ ಹಾಕಿದರೆ ಮೊದಲನೆಯದಕ್ಕೆ ಎರಡು ಗೆರೆ, ಎರಡನೆಯದಕ್ಕೆ ಒಂದೇ ಗೆರೆ ಬರುತ್ತದೆ. ಕ್ಯಾಲ್ಕುಲೇಟರ್ ಇರುವ ಕಾಲದಲ್ಲಿ ಇದನ್ನೆಲ್ಲ ಬಿಡಿಸುವುದಾದರೂ ಯಾಕೆ?

ಉತ್ತರ: ನಿಮ್ಮ ಒಂದು ಸಾಲಿನ ಉತ್ತರದಲ್ಲಿ ಮೂರು ತಪ್ಪುಗಳಿವೆ. ಬೇಜಾರು ಮಾಡಿಕೊಳ್ಳಬೇಡಿ. ನಾನು ತಿದ್ದಿರುವ ಲಾಗ್ ಲೆಕ್ಕಗಳಲ್ಲಿ ಜಾಸ್ತಿ ಕಾಣುವ ಮೂರು ತಪ್ಪುಗಳು ಇವೇ. ನಿಮ್ಮಲ್ಲಿ ಮೂರೂ ಒಟ್ಟಿಗೆ ಬಂದಿವೆ, ಅಷ್ಟೇ. ಅದರ ಜೊತೆಗೆ ನೀವು ಹೆಚ್ಚಿನವರು ಮಾಡದ ಒಂದು ಒಳ್ಳೆಯ ಕೆಲಸ ಮಾಡಿದ್ದೀರಿ: ಗೆಳತಿಯ ಮಾತನ್ನು ಹಾಗೇ ನಂಬದೆ ಸಂಖ್ಯೆ ಹಾಕಿ ಪರೀಕ್ಷಿಸಿದ್ದೀರಿ. ಆರಿಸಿಕೊಂಡ ಸಂಖ್ಯೆ ಮಾತ್ರ ಕೈ ಕೊಟ್ಟಿತು. ಅಲ್ಲಿಂದಲೇ ಶುರು ಮಾಡೋಣ. ಇಲ್ಲಿ ಎಲ್ಲ ಕಡೆ ಲಾಗ್‌ನ ಆಧಾರ 10 ಎಂದು ಇಟ್ಟುಕೊಳ್ಳಿ.

2 + 2 ಎಷ್ಟು? 4. 2 × 2 ಎಷ್ಟು? ಅದೂ 4. ನೀವು ಪರೀಕ್ಷಿಸಿದ್ದು ಕೂಡುವ ನಿಯಮವನ್ನು ಅಂದುಕೊಂಡಿರಿ. ನಿಜಕ್ಕೂ ಪರೀಕ್ಷೆಯಾದದ್ದು ಗುಣಾಕಾರದ ನಿಯಮ. ಕೂಡಿದರೂ ಗುಣಿಸಿದರೂ ಒಂದೇ ಉತ್ತರ ಬರುವ ಜೋಡಿಗಳು ಇನ್ನೂ ಇವೆ: 3 ಮತ್ತು 1.5, 11 ಮತ್ತು 1.1. ಅಂಥ ಜೋಡಿ ಕೈಗೆ ಸಿಕ್ಕಿದರೆ ತಪ್ಪು ನಿಯಮವೂ ಸರಿಯಾಗಿಯೇ ಕಾಣುತ್ತದೆ. 100 ಮತ್ತು 1000 ಹಾಕಿ ನೋಡಿ. ಲಾಗ್ 100 + ಲಾಗ್ 1000 ಅಂದರೆ 2 + 3, ಒಟ್ಟು 5. ಆದರೆ ಲಾಗ್ 1100 ಬರುವುದು 3.0414. ಹತ್ತಿರವೂ ಇಲ್ಲ.

ಸಂಖ್ಯೆಯೇ ಬೇಡ ಅನ್ನುವುದಾದರೆ ನಿಮ್ಮ ಉತ್ತರವೇ ಸಾಕು. ಲಾಗ್ (ಅ + 1) ಅನ್ನು ನೀವು ಲಾಗ್ ಅ + ಲಾಗ್ 1 ಎಂದು ಒಡೆದಿದ್ದೀರಿ. ಲಾಗ್ 1 ಅಂದರೆ ಸೊನ್ನೆ. ಹಾಗಾದರೆ ಲಾಗ್ (ಅ + 1) ಮತ್ತು ಲಾಗ್ ಅ ಎರಡೂ ಒಂದೇ ಎಂದಾಯಿತು. ಅಂದರೆ ಯಾವ ಸಂಖ್ಯೆಗೆ 1 ಕೂಡಿಸಿದರೂ ಅದು ಬದಲಾಗುವುದೇ ಇಲ್ಲ! ಇದನ್ನು ಯಾರೂ ಒಪ್ಪುವುದಿಲ್ಲ ಅಲ್ವಾ?

ಇಷ್ಟಾದರೂ ಈ ತಪ್ಪು ಯಾಕೆ ಮತ್ತೆ ಮತ್ತೆ ಬರುತ್ತದೆ? ಕಾರಣ ಬುದ್ಧಿಯದಲ್ಲ, ಅಭ್ಯಾಸದ್ದು. 3(ಅ + ಬ) ಅಂದರೆ 3ಅ + 3ಬ ಎಂದು ಚಿಕ್ಕಂದಿನಿಂದ ಬರೆದು ಬರೆದು ಕೈ ಪಳಗಿರುತ್ತದೆ. ಆವರಣದ ಹೊರಗೆ ಏನು ಕಂಡರೂ ಅದನ್ನು ಒಳಗಿರುವ ಒಬ್ಬೊಬ್ಬರಿಗೂ ಹಂಚಿಬಿಡುತ್ತದೆ. 'ಲಾಗ್' ಅನ್ನುವುದು ಗುಣಿಸುವ ಸಂಖ್ಯೆಯಲ್ಲ. ಅದು ಒಂದು ಪ್ರಶ್ನೆ. ಲಾಗ್ 1000 ಅಂದರೆ '10ನ್ನು ಎಷ್ಟನೇ ಘಾತಕ್ಕೆ ಏರಿಸಿದರೆ 1000 ಬರುತ್ತದೆ?' ಎಂದು ಕೇಳಿದ ಹಾಗೆ. ಉತ್ತರ 3. ಪ್ರಶ್ನೆಯನ್ನು ಹಂಚಲು ಬರುವುದಿಲ್ಲ.

ಲಾಗ್ ಅಂದರೆ ಘಾತಾಂಕ ಎಂದು ಒಮ್ಮೆ ಮನಸ್ಸಿಗೆ ಹತ್ತಿದರೆ ಮೂರು ನಿಯಮಗಳನ್ನು ಬಾಯಿಪಾಠ ಮಾಡುವ ಅಗತ್ಯವೇ ಬೀಳುವುದಿಲ್ಲ. 10² × 10³ = 10⁵. ಸಂಖ್ಯೆಗಳನ್ನು ಗುಣಿಸಿದೆವು, ಮೇಲಿನ ಘಾತಾಂಕಗಳು ಕೂಡಿಕೊಂಡವು. ಅದನ್ನೇ ಲಾಗ್ ಭಾಷೆಯಲ್ಲಿ ಹೀಗೆ ಬರೆಯುತ್ತೇವೆ:

ಲಾಗ್ (ಅ × ಬ) = ಲಾಗ್ ಅ + ಲಾಗ್ ಬ

ಭಾಗಿಸಿದರೆ ಘಾತಾಂಕಗಳು ಕಳೆಯುತ್ತವೆ:

ಲಾಗ್ (ಅ / ಬ) = ಲಾಗ್ ಅ − ಲಾಗ್ ಬ

10² ಅನ್ನು ಮತ್ತೆ ಮೂರನೇ ಘಾತಕ್ಕೆ ಏರಿಸಿದರೆ 10⁶, ಅಂದರೆ ಘಾತಾಂಕ ಮೂರು ಪಟ್ಟು:

ಲಾಗ್ ಅ³ = 3 ಲಾಗ್ ಅ

ಈಗ 10² + 10³ ನೋಡಿ. ಅದು 1100. 10ರ ಯಾವ ಘಾತ ಅದು? ಘಾತಗಳನ್ನು ಹೀಗೆ ಕೂಡಿಸಿದಾಗ ಘಾತಾಂಕ ಏನಾಗುತ್ತದೆ ಎಂದು ಹೇಳುವ ನಿಯಮವೇ ಇಲ್ಲ. ಹಾಗಾಗಿ ಲಾಗ್‌ಗೂ ಇಲ್ಲ. ಇದ್ದಿದ್ದರೆ ಗಾಸ್‌ನಂಥ ಗಣಿತಜ್ಞ 1812ರಲ್ಲಿ ಮೊತ್ತದ ಲಾಗ್ ಕಂಡುಹಿಡಿಯುವುದಕ್ಕೆಂದೇ ಬೇರೆ ಕೋಷ್ಟಕ ತಯಾರಿಸಿ ಪ್ರಕಟಿಸಬೇಕಾಗಿರಲಿಲ್ಲ.

ಇನ್ನು ನಿಮ್ಮ ಲೆಕ್ಕಕ್ಕೆ ಬರೋಣ. ನಿಯಮ ಗೊತ್ತಿದ್ದೂ ತಪ್ಪುವವರಿಗೆ ನಾನು ಹೇಳಿಕೊಡುವ ದಾರಿ ಒಂದೇ. ಲಾಗ್ ಒಳಗಿನ ಅಕ್ಷರಗಳಿಗೆ ಸಂಖ್ಯೆ ಹಾಕಿ ಬೆಲೆ ಕಟ್ಟುತ್ತಿದ್ದೀರಿ ಎಂದುಕೊಳ್ಳಿ. ಅದರಲ್ಲಿ ಕಟ್ಟಕಡೆಗೆ ಮಾಡುವ ಕೆಲಸ ಯಾವುದು? ಬಿಡಿಸುವಾಗ ಅದನ್ನೇ ಮೊದಲು ಬಿಡಿಸಬೇಕು. ಕಾಲುಚೀಲದ ಮೇಲೆ ಬೂಟು ಹಾಕಿಕೊಂಡಿದ್ದರೆ ಮೊದಲು ಬೂಟು ಕಳಚುತ್ತೇವಲ್ಲ, ಹಾಗೆ. ಆ ಕೊನೆಯ ಕೆಲಸ ಗುಣಾಕಾರ, ಭಾಗಾಕಾರ ಅಥವಾ ಘಾತ ಆಗಿದ್ದರೆ ನಿಯಮ ಹಾಕಿ. ಕೂಡುವುದೋ ಕಳೆಯುವುದೋ ಆಗಿದ್ದರೆ ಕೈ ತೆಗೆಯಿರಿ.

ನಿಮ್ಮ ಲೆಕ್ಕದಲ್ಲಿ ಕೊನೆಯ ಕೆಲಸ ಭಾಗಾಕಾರ. ಆದ್ದರಿಂದ ಮೊದಲ ಹೆಜ್ಜೆ:

ಲಾಗ್ (5ಅ³√ಬ) − ಲಾಗ್ [ಕ²(ಅ + 1)]

ಮೇಲಿನ ತುಂಡಿನಲ್ಲಿ ಕೊನೆಯ ಕೆಲಸ ಗುಣಾಕಾರ. 5, ಅ³, √ಬ ಮೂರನ್ನೂ ಗುಣಿಸಿದ್ದಾರೆ. ಹಾಗಾಗಿ ಲಾಗ್ 5 + ಲಾಗ್ ಅ³ + ಲಾಗ್ √ಬ. ಆಮೇಲಷ್ಟೇ ಘಾತದ ಸರದಿ: ಲಾಗ್ 5 + 3 ಲಾಗ್ ಅ + ½ ಲಾಗ್ ಬ. ನೀವು ಇಲ್ಲಿ ಅವಸರ ಮಾಡಿದಿರಿ. ಮೇಲಿರುವ 3 ಕಂಡ ಕೂಡಲೇ ಅದನ್ನು ಎಳೆದು ಮುಂದೆ ತಂದಿರಿ, 5 ಕೂಡ ಅದರ ಜೊತೆಗೆ ಬಂದುಬಿಟ್ಟಿತು. 3 ಲಾಗ್ 5ಅ ಅಂದರೆ ಲಾಗ್ 125ಅ³. ಲೆಕ್ಕದಲ್ಲಿ 125 ಎಲ್ಲಿದೆ? 5ರ ತಲೆಯ ಮೇಲೆ ಘಾತ ಇರಲೇ ಇಲ್ಲ.

ಕೆಳಗಿನ ತುಂಡಿಗೆ ಬಂದರೆ ಕ² ಮತ್ತು (ಅ + 1) ಎರಡೂ ಛೇದದಲ್ಲಿವೆ. ಕಳೆಯುವ ಗುರುತು ಇಬ್ಬರಿಗೂ ಸೇರಬೇಕು. ನೀವು ಕ²ಗೆ ಮಾತ್ರ ಕೊಟ್ಟು (ಅ + 1)ಅನ್ನು ಕೂಡಿಸಿಬಿಟ್ಟಿದ್ದೀರಿ. ಇದನ್ನು ತಪ್ಪಿಸಲು ಎರಡು ದಾರಿಗಳಿವೆ. ಒಂದು, ಛೇದದ ಲಾಗ್ ಬರೆಯುವಾಗ ಕಡ್ಡಾಯವಾಗಿ ಆವರಣ ಹಾಕುವುದು: − [2 ಲಾಗ್ ಕ + ಲಾಗ್ (ಅ + 1)]. ಆವರಣ ಬಿಚ್ಚುವಾಗ ಒಂದು ಕ್ಷಣ ಮೈಮರೆತರೆ ಮತ್ತೆ ಅದೇ ತಪ್ಪಾಗುತ್ತದೆ. ಇನ್ನೊಂದು, ಭಾಗಾಕಾರವನ್ನೇ ತೆಗೆದುಹಾಕಿ ಛೇದದಲ್ಲಿರುವುದನ್ನು ಋಣ ಘಾತ ಮಾಡಿ ಎಲ್ಲವನ್ನೂ ಗುಣಾಕಾರವಾಗಿ ಬರೆದುಕೊಳ್ಳುವುದು: 5 × ಅ³ × ಬ^½ × ಕ⁻² × (ಅ + 1)⁻¹. ಆಗ ಚಿಹ್ನೆ ತಪ್ಪುವ ಭಯ ಕಡಿಮೆ. ಆದರೆ (ಅ + 1)⁻¹ ಅನ್ನು ಅ⁻¹ + 1 ಎಂದು ಒಡೆಯುವ ಹೊಸ ತಪ್ಪಿಗೆ ಬಾಗಿಲು ತೆರೆಯುತ್ತದೆ. ಆವರಣ ಒಡೆಯುವ ಚಪಲ ಇರುವವರು ಮೊದಲ ದಾರಿಯಲ್ಲೇ ಇರುವುದು ಒಳ್ಳೆಯದು. ನಿಮಗೂ ಅದನ್ನೇ ಹೇಳುತ್ತೇನೆ.

ಉಳಿದದ್ದು ಲಾಗ್ (ಅ + 1). ಅದರಲ್ಲಿ ಕೊನೆಯ ಕೆಲಸ ಕೂಡುವುದು. ಹಾಗಾಗಿ ಅಲ್ಲೇ ನಿಂತೆವು. ಪೂರ್ತಿ ಉತ್ತರ:

ಲಾಗ್ 5 + 3 ಲಾಗ್ ಅ + ½ ಲಾಗ್ ಬ − 2 ಲಾಗ್ ಕ − ಲಾಗ್ (ಅ + 1)

'ಇನ್ನೂ ಏನೋ ಬಿಡಿಸುವುದಿದೆ' ಅನ್ನುವ ಕಿರಿಕಿರಿ ಇಲ್ಲಿ ಆಗುತ್ತದೆ, ನನಗೆ ಗೊತ್ತು. ವಿಸ್ತರಿಸಿ ಎಂದರೆ ಎಲ್ಲವೂ ಚೂರುಚೂರಾಗಬೇಕು ಎಂದು ಅನಿಸುತ್ತದೆ. ಹಾಗೇನಿಲ್ಲ. ಒಡೆಯಲಾಗದ ತುಂಡು ಉಳಿದರೆ ಅದೇ ಉತ್ತರ. ಆದರೆ ನಿಲ್ಲುವ ಮೊದಲು ಒಂದು ಸಲ ಕೇಳಿಕೊಳ್ಳಿ: ಈ ಮೊತ್ತವನ್ನು ಅಪವರ್ತನಗಳಾಗಿ ಬರೆಯಬಹುದೇ? ಲಾಗ್ (ಅ² − 9) ಹಾಗೆ ನೋಡಿದರೆ ನಿಂತುಹೋಗುವ ಲೆಕ್ಕ. ಅದನ್ನೇ (ಅ − 3)(ಅ + 3) ಎಂದು ಬರೆದರೆ ಗುಣಾಕಾರ ಸಿಕ್ಕಿತು, ಲಾಗ್ (ಅ − 3) + ಲಾಗ್ (ಅ + 3) ಆಯಿತು. ಅ² + 9ಕ್ಕೆ ಆ ಅದೃಷ್ಟ ಇಲ್ಲ.

ಸರಿ ನೋಡಿಕೊಳ್ಳುವುದು ಹೇಗೆ? ಮತ್ತೆ ಸಂಖ್ಯೆ ಹಾಕಿಯೇ. ಈ ಸಲ ಸಂಖ್ಯೆ ಜಾಣತನದಿಂದ ಆರಿಸಿ. 1, 2, 10, 100 ಎಲ್ಲ ಸುಲಭ, ಅದಕ್ಕೇ ಅಪಾಯ. 1ರ ಲಾಗ್ ಸೊನ್ನೆ, ಅದು ಅರ್ಧ ತಪ್ಪುಗಳನ್ನು ನುಂಗಿಹಾಕುತ್ತದೆ. 100 ಹಾಕಿದರೆ (ಲಾಗ್ 100)² ಕೂಡ 4, 2 ಲಾಗ್ 100 ಕೂಡ 4. ಲಾಗ್‌ನ ವರ್ಗ ಬೇರೆ, ವರ್ಗದ ಲಾಗ್ ಬೇರೆ ಅನ್ನುವುದು ಗೊತ್ತೇ ಆಗುವುದಿಲ್ಲ. 1000 ಹಾಕಿದ್ದರೆ ಒಂದು ಕಡೆ 9, ಇನ್ನೊಂದು ಕಡೆ 6 ಬಂದು ಬಣ್ಣ ಬಯಲಾಗುತ್ತಿತ್ತು. ನಿಮ್ಮ ಲೆಕ್ಕಕ್ಕೆ ಅ = 6, ಬ = 3, ಕ = 2 ಹಾಕೋಣ. ಕ್ಯಾಲ್ಕುಲೇಟರ್‌ಗೆ ಕೊಟ್ಟರೆ ಒಳಗಿನ ಬೆಲೆ ಸುಮಾರು 66.81, ಅದರ ಲಾಗ್ 1.825. ವಿಸ್ತರಿಸಿದ ಉತ್ತರಕ್ಕೂ ಅದೇ 1.825 ಬರುತ್ತದೆ. ನೀವು ಬರೆದದ್ದಕ್ಕೆ 4.846. ಕ ಒಂದಕ್ಕೆ 2 ಇಟ್ಟೆನಲ್ಲ, ಈಗಷ್ಟೇ ಬೇಡ ಎಂದವನು? ಒಳಗೆ ಬೇರೆ ಸಂಖ್ಯೆಗಳು ಸಾಕಷ್ಟು ಇರುವಾಗ ಒಂದು 2 ಏನೂ ಮಾಡದು. ಎಲ್ಲವೂ 2 ಆಗಬಾರದು, ಅಷ್ಟೇ.

ನೀವು ಕೇಳದ ಇನ್ನೊಂದು ತಪ್ಪಿನ ಬಗ್ಗೆಯೂ ಒಂದು ಮಾತು. ಇವತ್ತಲ್ಲ ನಾಳೆ ಎದುರಾಗುತ್ತದೆ. ಲಾಗ್ ಅ / ಲಾಗ್ ಬ ಅನ್ನುವುದನ್ನು ಲಾಗ್ ಅ − ಲಾಗ್ ಬ ಎಂದು ಬರೆಯುವವರು ಬಹಳ. ಲಾಗ್ 1000ವನ್ನು ಲಾಗ್ 10ರಿಂದ ಭಾಗಿಸಿದರೆ 3. ಲಾಗ್ (1000 / 10) ಅಂದರೆ 2. ಎರಡೂ ಬೇರೆ. ಲಾಗ್‌ಗಳ ಭಾಗಾಕಾರ ಬರುವುದು ಆಧಾರ ಬದಲಿಸುವಾಗ. ಆಧಾರ 2 ಇರುವ ಲಾಗ್ 8 ಬೇಕಿದ್ದರೆ, 10ರ ಆಧಾರದ ಲಾಗ್ 8ನ್ನು ಲಾಗ್ 2ರಿಂದ ಭಾಗಿಸುತ್ತೇವೆ: 0.9031 / 0.3010, ಅಂದರೆ 3. ಈ ಸೂತ್ರವೂ ಅದೇ ಪಾಠದಲ್ಲಿ, ಅದೇ ಪುಟದ ಆಸುಪಾಸಿನಲ್ಲಿ ಇರುತ್ತದೆ. ತಲೆಯಲ್ಲಿ ಎರಡೂ ಕಲಸಿಹೋಗುವುದು ಅದಕ್ಕೇ.

ಈಗ ನಕ್ಷೆಯ ವಿಷಯ. ನಿಮ್ಮ ಪತ್ರದಲ್ಲಿ ನನಗೆ ತುಂಬ ಹಿಡಿಸಿದ ಪ್ರಶ್ನೆ ಇದು. ಮೊಬೈಲ್ ತಪ್ಪು ಮಾಡಿಲ್ಲ. ನಿಯಮದಲ್ಲಿ ಒಂದು ಸಣ್ಣ ಅಕ್ಷರದ ಷರತ್ತಿದೆ, ಅದನ್ನು ನಾವು ಮರೆತಿರುತ್ತೇವೆ.

10ರ ಯಾವ ಘಾತವೂ ಋಣ ಸಂಖ್ಯೆ ಆಗುವುದಿಲ್ಲ, ಸೊನ್ನೆಯೂ ಆಗುವುದಿಲ್ಲ. ಆದ್ದರಿಂದ ಲಾಗ್ ಒಳಗೆ ಧನ ಸಂಖ್ಯೆಯೇ ಇರಬೇಕು. ಅ = −10 ಎಂದು ಇಡಿ. ಅ² = 100, ಲಾಗ್ ಅ² = 2. ಏನೂ ತೊಂದರೆ ಇಲ್ಲ. ಆದರೆ 2 ಲಾಗ್ ಅ ಅಂದರೆ 2 ಲಾಗ್ (−10). ಕ್ಯಾಲ್ಕುಲೇಟರ್ ದೋಷ ತೋರಿಸುತ್ತದೆ. ಬಿಡಿಸಿದ ಕೂಡಲೇ ಎಡಗಡೆಯ ಇಡೀ ಗೆರೆ ಮಾಯವಾಯಿತು. ಸರಿಯಾಗಿ ಬರೆಯಬೇಕೆಂದರೆ ಲಾಗ್ ಅ² = 2 ಲಾಗ್ |ಅ|. ಆ ಎರಡು ನಿಂತ ಗೆರೆಗಳು 'ಚಿಹ್ನೆ ಬಿಟ್ಟು ಬೆಲೆ ಮಾತ್ರ ತೆಗೆದುಕೋ' ಎಂದು ಹೇಳುತ್ತವೆ. ಹೀಗೆ ಬರೆದು ನಕ್ಷೆ ಹಾಕಿ, ಎರಡು ಗೆರೆಗಳೂ ವಾಪಸ್ ಬರುತ್ತವೆ.

ಈ ಎಚ್ಚರ ಬೇಕಾಗುವುದು 2, 4, 6ರಂಥ ಸಮ ಘಾತಗಳಿಗೆ. ಲಾಗ್ ಅ³ಗೆ ಬೇಡ, ಯಾಕೆಂದರೆ ಅ³ ಧನವಾಗಬೇಕಾದರೆ ಅ ಕೂಡ ಧನವಾಗಿಯೇ ಇರಬೇಕು. ಗುಣಾಕಾರದಲ್ಲೂ ಇದೇ ಕಥೆ: (−4) × (−5) = 20, ಅದಕ್ಕೆ ಲಾಗ್ ಇದೆ. ಬಿಡಿಬಿಡಿಯಾಗಿ ಇಬ್ಬರಿಗೂ ಇಲ್ಲ.

ಪುಸ್ತಕಗಳಲ್ಲಿ ಈ ರಗಳೆ ಯಾಕೆ ಕಾಣುವುದಿಲ್ಲ? ಅಭ್ಯಾಸದ ತಲೆಯಲ್ಲಿ 'ಎಲ್ಲ ಅಕ್ಷರಗಳೂ ಧನ ಸಂಖ್ಯೆಗಳನ್ನು ಸೂಚಿಸುತ್ತವೆ' ಎಂದು ಒಂದು ಸಾಲು ಇರುತ್ತದೆ. ಯಾರೂ ಓದದ ಸಾಲು ಅದು. ಅದು ಇದ್ದರೆ 2 ಲಾಗ್ ಕ ಎಂದು ನಿಶ್ಚಿಂತೆಯಿಂದ ಬರೆಯಿರಿ. ಇಲ್ಲದಿದ್ದರೆ ಎರಡು ಆಯ್ಕೆ: ನಿಂತ ಗೆರೆ ಹಾಕುವುದು, ಅಥವಾ ಉತ್ತರದ ಪಕ್ಕದಲ್ಲಿ 'ಕ > 0 ಆದಾಗ' ಎಂದು ಸೇರಿಸುವುದು. ಬರೀ ವಿಸ್ತರಿಸುವ ಲೆಕ್ಕಕ್ಕೆ ಎರಡನೆಯದು ಸಾಕು. ಸಮೀಕರಣ ಬಿಡಿಸುವಾಗ ಅದು ಸಾಲದು. ಲಾಗ್ ಅ² = 4 ಎಂದಿದೆ ಎನ್ನಿ. 2 ಲಾಗ್ ಅ = 4 ಎಂದು ಬರೆದರೆ ಅ = 100 ಮಾತ್ರ ಸಿಗುತ್ತದೆ. −100 ಕೂಡ ಸರಿಯಾದ ಉತ್ತರವೇ, ಅದು ಕೈ ತಪ್ಪಿತು.

ತಿರುಗಿಸಿ ಜೋಡಿಸುವಾಗ ಉಲ್ಟಾ ಅಪಾಯ. ಲಾಗ್ ಅ + ಲಾಗ್ (ಅ − 3) = 1 ಎಂದು ಕೊಟ್ಟರೆ ನೀವು ಲಾಗ್ [ಅ(ಅ − 3)] = 1 ಮಾಡುತ್ತೀರಿ. ಅಲ್ಲಿಂದ ಅ² − 3ಅ − 10 = 0. ಉತ್ತರ 5 ಮತ್ತು −2. ಇಲ್ಲಿ −2 ಸುಮ್ನೆ ನುಸುಳಿ ಬಂದ ಅತಿಥಿ. ಮೂಲ ಸಮೀಕರಣಕ್ಕೆ ಅದನ್ನು ಹಾಕಿದರೆ ಲಾಗ್ (−2) ಕೇಳುತ್ತದೆ, ಆಗುವುದಿಲ್ಲ. ಬಿಡಿಸಿದಾಗ ಉತ್ತರ ಕಳೆದುಹೋಗಬಹುದು, ಜೋಡಿಸಿದಾಗ ಇಲ್ಲದ ಉತ್ತರ ಹುಟ್ಟಬಹುದು. ಆದ್ದರಿಂದ ಲಾಗ್ ಸಮೀಕರಣದಲ್ಲಿ ಮೂಲಕ್ಕೆ ಹಾಕಿ ತಾಳೆ ನೋಡದೆ ಪೆನ್ನು ಕೆಳಗಿಡಬೇಡಿ.

ಕೊನೆಯ ಪ್ರಶ್ನೆ: ಯಾಕೆ ಬಿಡಿಸಬೇಕು? ಹಿಂದೆ ಇದಕ್ಕೆ ಉತ್ತರ ಸುಲಭವಿತ್ತು. ಜಾನ್ ನೇಪಿಯರ್ 1614ರಲ್ಲಿ ಲಾಗ್ ಕೋಷ್ಟಕ ಪ್ರಕಟಿಸಿದ್ದೇ ಗುಣಾಕಾರದ ಕಾಟ ತಪ್ಪಿಸಲು. ಉದ್ದುದ್ದ ಸಂಖ್ಯೆಗಳನ್ನು ಗುಣಿಸುವ ಬದಲು ಅವುಗಳ ಲಾಗ್ ಕೂಡಿಸಿದರೆ ಸಾಕಿತ್ತು. ನೇಪಿಯರ್‌ನ ಮೊದಲ ಕೋಷ್ಟಕದಲ್ಲಿ 1ರ ಲಾಗ್ ಸೊನ್ನೆ ಆಗಿರಲಿಲ್ಲ. ಆಮೇಲೆ ಹೆನ್ರಿ ಬ್ರಿಗ್ಸ್ ಅವನನ್ನು ಭೇಟಿಯಾಗಿ ಚರ್ಚಿಸಿ, 10ನ್ನು ಆಧಾರ ಮಾಡಿಕೊಂಡು 1617ರಲ್ಲಿ ಮೊದಲ ಸಾವಿರ ಸಂಖ್ಯೆಗಳ ಲಾಗ್ ಪ್ರಕಟಿಸಿದ. ಆ ಉಪಯೋಗವನ್ನು ಕ್ಯಾಲ್ಕುಲೇಟರ್ ಮುಗಿಸಿತು, ನಿಜ. ಆದರೆ ಬಿಡಿಸುವ ಕೆಲಸ ಬೇರೆ ಎರಡು ಕಡೆ ಈಗಲೂ ಬೇಕು.

ಒಂದು, ಅವಕಲನ, ಅಂದರೆ ಡಿಫರೆನ್ಶಿಯೇಷನ್. ನಿಮ್ಮ ಪರೀಕ್ಷೆಯಲ್ಲಿ ಇದು ಬಂದೇ ಬರುತ್ತದೆ ಎಂದು ಇಟ್ಟುಕೊಳ್ಳಿ. ಅಲ್ಲಿ ಆಧಾರ 'ಇ' (ಸುಮಾರು 2.718) ಇರುವ ಸ್ವಾಭಾವಿಕ ಲಾಗ್ ಬಳಸುತ್ತಾರೆ, ನಿಯಮಗಳು ಅವೇ. ಲಾಗ್ [ ಅ³√(ಅ + 1) / (ಅ² + 4)² ] ಅನ್ನು ಹಾಗೇ ಅವಕಲಿಸಲು ಹೊರಟರೆ ಅರ್ಧ ಪುಟ ಬೇಕು. ಮೊದಲು 3 ಲಾಗ್ ಅ + ½ ಲಾಗ್ (ಅ + 1) − 2 ಲಾಗ್ (ಅ² + 4) ಎಂದು ಬಿಡಿಸಿಕೊಳ್ಳಿ. ಆಗ ಒಂದೊಂದನ್ನೇ ಅವಕಲಿಸಿ ಒಂದು ಸಾಲಿನಲ್ಲಿ ಬರೆಯಬಹುದು:

3/ಅ + 1/[2(ಅ + 1)] − 4ಅ/(ಅ² + 4)

ಇನ್ನೊಂದು ಕಂಪ್ಯೂಟರ್. ಸಂಭವನೀಯತೆಯ ಲೆಕ್ಕಗಳಲ್ಲಿ ಸಣ್ಣ ಸಣ್ಣ ದಶಾಂಶಗಳನ್ನು ಸಾವಿರಾರು ಸಲ ಗುಣಿಸಬೇಕಾಗುತ್ತದೆ. 0.1ನ್ನು ಸಾವಿರ ಸಲ ಗುಣಿಸಿದರೆ 10ರ −1000ನೇ ಘಾತ. ಕಂಪ್ಯೂಟರ್ ಸಾಮಾನ್ಯವಾಗಿ ದಶಾಂಶ ಇಡುವ ರೀತಿಯಲ್ಲಿ ಸುಮಾರು 10⁻³²⁴ಕ್ಕಿಂತ ಸಣ್ಣದಾದದ್ದೆಲ್ಲ ಸೊನ್ನೆಯಾಗಿಬಿಡುತ್ತದೆ. ಇಡೀ ಲೆಕ್ಕ ಸೊನ್ನೆ! ಅದಕ್ಕೇ ಗುಣಿಸುವುದಿಲ್ಲ, ಲಾಗ್‌ಗಳನ್ನು ಕೂಡಿಸುತ್ತಾರೆ. −1 ಅನ್ನು ಸಾವಿರ ಸಲ ಕೂಡಿಸಿದರೆ −1000, ಯಾವ ಕಂಪ್ಯೂಟರಿಗೂ ಕಷ್ಟವಿಲ್ಲದ ಸಂಖ್ಯೆ.

ಮುಂದಿನ ಸಲ ಪುಸ್ತಕ ತೆರೆದಾಗ ಇದೊಂದನ್ನು ಮಾಡಿ ನೋಡಿ:

ಲಾಗ್ √[ (ಅ² − 25) / (ಅ² + 25) ]

ಕೊನೆಯ ಕೆಲಸ ವರ್ಗಮೂಲ, ಆದ್ದರಿಂದ ½ ಮೊದಲು ಹೊರಗೆ ಬರುತ್ತದೆ. ಆಮೇಲೆ ಭಾಗಾಕಾರ. ಆಮೇಲೆ ಮೇಲಿನದಕ್ಕೆ ಅಪವರ್ತನ ಇದೆ, ಕೆಳಗಿನದಕ್ಕೆ ಇಲ್ಲ. ಉತ್ತರ ½ [ಲಾಗ್ (ಅ − 5) + ಲಾಗ್ (ಅ + 5) − ಲಾಗ್ (ಅ² + 25)] ಬರಬೇಕು. ಬಂದ ಮೇಲೆ ಎರಡೂ ಕಡೆ ಅ = 7 ಹಾಕಿ. ಹೊಂದುತ್ತದೆ. ಆಮೇಲೆ ಅ = −7 ಹಾಕಿ, ಎಲ್ಲಿ ಮುರಿಯುತ್ತದೆ ಮತ್ತು ಅದನ್ನು ಸರಿಮಾಡಲು ನಿಂತ ಗೆರೆ ಎಲ್ಲೆಲ್ಲಿ ಹಾಕಬೇಕು ಎಂದು ನನಗೆ ಬರೆದು ತಿಳಿಸಿ.